ಅದು, ಅವಳು: ತರ್ಕಶಾಸ್ತ್ರ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಪದವಿಪೂರ್ವ ಕಾಲೇಜುಗಳಲ್ಲಿ ತರ್ಕಶಾಸ್ತ್ರ ಕಲಿಸುತ್ತಿರುವ ಎಲ್ಲ ಅಧ್ಯಾಪಕರಿಗೆ,

ನಾನು ನಿಮ್ಮಂಥವರೊಬ್ಬರ ಹಳೆಯ ವಿದ್ಯಾರ್ಥಿ. ಹದಿನಾರರ ವಯಸ್ಸಿನಲ್ಲಿ ತರ್ಕಶಾಸ್ತ್ರ ಓದಿದೆ, ಅದಕ್ಕೆ ಇವತ್ತಿಗೂ ಕೃತಜ್ಞನಾಗಿದ್ದೇನೆ. ಮಾತು ಎಲ್ಲಿ ಜಾರುತ್ತದೆ ಎಂದು ಹುಡುಕುವ ಅಭ್ಯಾಸ ನನಗೆ ಬಂದದ್ದು ಆ ಎರಡು ವರ್ಷಗಳಲ್ಲಿ. ಅದೇ ಅಭ್ಯಾಸವನ್ನು ನಂಬಿಕೊಂಡು ನಿಮಗೆ ಬರೆಯುತ್ತಿದ್ದೇನೆ. ನನ್ನ ತಕರಾರು ಒಂದೇ ಒಂದು ವಾಕ್ಯದ ಬಗ್ಗೆ. ಲಕ್ಷಣ ಹೇಳುವುದು ಹೇಗೆ ಎಂಬ ಪಾಠದಲ್ಲಿ ಕರಿಹಲಗೆಯ ಮೇಲೆ ಎಲ್ಲಕ್ಕಿಂತ ಮೊದಲು ಬರುವ ವಾಕ್ಯ: ‘ಮನುಷ್ಯನು ವಿವೇಕವುಳ್ಳ ಪ್ರಾಣಿ.’ ಪ್ರಾಣಿ ಎಂಬುದು ದೊಡ್ಡ ವರ್ಗ, ವಿವೇಕ ಎಂಬುದು ಆ ವರ್ಗದೊಳಗೆ ಮನುಷ್ಯನನ್ನು ಬೇರ್ಪಡಿಸುವ ಗುಣ, ಎರಡೂ ಸೇರಿದರೆ ಲಕ್ಷಣ ಮುಗಿಯಿತು. ನಮ್ಮ ಮೇಷ್ಟ್ರು ಅದನ್ನು ಬರೆದು ಸೀಮೆಸುಣ್ಣ ಕೆಳಗಿಟ್ಟರು. ನಾವು ಬರೆದುಕೊಂಡೆವು. ಪರೀಕ್ಷೆಯಲ್ಲಿ ಅಂಕವೂ ಸಿಕ್ಕಿತು. ಉದಾಹರಣೆಗೆಂದು ಬಂದ ವಾಕ್ಯ ನನ್ನ ತಲೆಯಲ್ಲಿ ಸತ್ಯವಾಗಿ ಕೂತುಬಿಟ್ಟಿತು.

ಅದನ್ನು ಇನ್ನು ಮುಂದೆ ಸಿದ್ಧ ಲಕ್ಷಣವೆಂದು ಕಲಿಸಬೇಡಿ, ಒರೆಗೆ ಹಚ್ಚಿ ನೋಡಬೇಕಾದ ಲಕ್ಷಣವೆಂದು ಕಲಿಸಿ ಎಂದು ಕೇಳಿಕೊಳ್ಳುತ್ತೇನೆ. ಯಾಕೆ ಎಂದು ಹೇಳುವ ಮುಂಚೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಕೊಟ್ಟಿಗೆ. ಎಪ್ಪತ್ತು ದಾಟಿದ ಮೇಲೆ ಅಮ್ಮನಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು, ಆಮೇಲೆ ವಾರ ತಿಥಿ, ಆಮೇಲೆ ನೆಂಟರ ಹೆಸರು. ನಾಲ್ಕನೆಯ ವರ್ಷ ನನ್ನನ್ನು ತನ್ನ ತಮ್ಮನ ಹೆಸರಿನಿಂದ ಕರೆಯತೊಡಗಿದಳು. ಆ ತಮ್ಮ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಐದನೆಯ ವರ್ಷ ಮಾತೇ ನಿಂತಿತು. ಹೆಸರುಗಳೆಲ್ಲ ಹೋದ ಮೇಲೂ ಬಹಳ ದಿನ ಉಳಿದದ್ದು ಕೈ. ಕೊಟ್ಟಿಗೆಗೆ ಕರೆದೊಯ್ದು ಕೆಂಪಿಯ ಪಕ್ಕ ಕೂರಿಸಿದರೆ ಆ ಕೈ ತಾನಾಗಿ ಕೆಚ್ಚಲಿಗೆ ನೀರು ಚಿಮುಕಿಸುತ್ತಿತ್ತು, ಮೊಲೆಗೆ ಬೆಣ್ಣೆ ಸವರುತ್ತಿತ್ತು. ಕೆಂಪಿ ಮಲೆನಾಡು ಗಿಡ್ಡ ತಳಿಯ ಹಸು. ಎರಡು ಹೊತ್ತು ಸೇರಿ ಎರಡು ಲೀಟರ್ ಕೊಟ್ಟರೆ ಅದೇ ಹೆಚ್ಚು. ಬೇರೆ ಯಾರಾದರೂ ಕೂತರೆ ಕಾಲು ಜಾಡಿಸುತ್ತಿದ್ದ ಅದು, ಅಮ್ಮ ಕೂತ ಕೂಡಲೇ ಸೊರೆ ಬಿಡುತ್ತಿತ್ತು. ಅಮ್ಮನಿಗೆ ತನ್ನ ಮಗ ಯಾರೆಂದು ಗೊತ್ತಿರಲಿಲ್ಲ. ಹಸುವಿಗೆ ಅಮ್ಮ ಯಾರೆಂದು ಗೊತ್ತಿತ್ತು.

ಕೊನೆಯ ವರ್ಷ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದು ರಾತ್ರಿ ಸೂಜಿ ಚುಚ್ಚಲು ನರ ಸಿಗದೆ ಮತ್ತೆ ಮತ್ತೆ ಚುಚ್ಚುತ್ತಿದ್ದಾಗ ಅಮ್ಮ ಕೈ ಎಳೆದುಕೊಂಡಳು. ಸ್ವಲ್ಪ ನಿಧಾನ ಮಾಡಿ ಎಂದೆ. ಚುಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು: ‘ಅದಕ್ಕೇನೂ ಗೊತ್ತಾಗಲ್ಲ, ಬಿಡಿ.’

ಅದಕ್ಕೆ! ಆ ರಾತ್ರಿಯಿಡೀ ನಾನು ಆ ಒಂದು ಪದದ ಜೊತೆ ಕೂತಿದ್ದೆ.

ನಮ್ಮ ಭಾಷೆಯಲ್ಲಿ ಅದು ಸಣ್ಣ ಪದವಲ್ಲ. ಸಂಸ್ಕೃತದಲ್ಲಿ ಲಿಂಗ ಪದಕ್ಕೆ ಅಂಟಿಕೊಂಡಿರುತ್ತದೆ: ಹೆಂಡತಿ ಎಂಬ ಅರ್ಥದ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ, ‘ಭಾರ್ಯಾ’ ಸ್ತ್ರೀಲಿಂಗ. ಕನ್ನಡ ಹಾಗಲ್ಲ, ಅರ್ಥ ನೋಡಿ ಲಿಂಗ ಹೇಳುತ್ತದೆ. ಮನುಷ್ಯರು, ದೇವರುಗಳು ಅವನು, ಅವಳು. ಕಲ್ಲು, ಮರ, ಹಸು, ಆನೆ, ಇರುವೆ ಎಲ್ಲವೂ ಅದು. ಗಂಡಸು ‘ಬಂದನು’, ಹೆಂಗಸು ‘ಬಂದಳು’, ಎತ್ತು ‘ಬಂತು’, ಎಮ್ಮೆಯೂ ‘ಬಂತು’. ಮನುಷ್ಯ ಮತ್ತು ಪ್ರಾಣಿಯ ನಡುವಿನ ಗೆರೆ ಅರಿಸ್ಟಾಟಲನ ಹೆಸರು ಕೇಳುವುದಕ್ಕೆ ಎಷ್ಟೋ ಮೊದಲೇ, ತೊದಲು ಮಾತು ಕಲಿಯುವಾಗಲೇ, ನಮ್ಮ ನಾಲಿಗೆಯ ಮೇಲೆ ಎಳೆದಾಗಿರುತ್ತದೆ.

ಆದರೆ ಅದೇ ವ್ಯಾಕರಣ ಒಂದು ಪ್ರಾಮಾಣಿಕ ಕೆಲಸವನ್ನೂ ಮಾಡಿದೆ. ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ: ಮಗು, ಶಿಶು, ಕೂಸು ನಿತ್ಯ ನಪುಂಸಕ. ಮಗು ‘ಅತ್ತಿತು’, ಕರು ‘ಕೂಗಿತು’. ಸೂರ್ಯ ‘ಮೂಡಿದನು’ ಎಂದರೂ ಸರಿ, ‘ಮೂಡಿತು’ ಎಂದರೂ ಸರಿ. ಹುಡುಗಿ ‘ಬಂದಳು’, ಹುಡುಗಿ ‘ಬಂತು’, ಎರಡಕ್ಕೂ ಒಪ್ಪಿಗೆ. ಗೆರೆ ಎಳೆದವರಿಗೇ ಅದು ಎಲ್ಲೆಲ್ಲಿ ನಿಲ್ಲುವುದಿಲ್ಲ ಎಂದು ಗೊತ್ತಿತ್ತು, ಅದನ್ನು ಮುಚ್ಚಿಡದೆ ಬರೆದಿಟ್ಟರು. ‘ಪಾಪ, ಅದಕ್ಕೆ ಹಸಿವಾಗಿದೆ’ ಎಂದು ಅಜ್ಜಿಯೊಬ್ಬಳು ತೊಟ್ಟಿಲ ಕಡೆ ನೋಡಿ ಹೇಳುವ ‘ಅದಕ್ಕೆ’ಯಲ್ಲಿ ಇರುವಷ್ಟು ಮರುಕ ಬೇರೆ ಯಾವ ಸರ್ವನಾಮದಲ್ಲೂ ಇಲ್ಲ. ಆಸ್ಪತ್ರೆಯ ಆ ರಾತ್ರಿ ಕೇಳಿದ್ದೂ ಇದೇ ಪದ. ಅದು ಎನಿಸಿಕೊಂಡದ್ದು ನನಗೆ ನೋವಾಗಲಿಲ್ಲ. ‘ಗೊತ್ತಾಗಲ್ಲ’ ಎಂಬುದರಿಂದ ‘ಬಿಡಿ’ ಎಂಬಲ್ಲಿಗೆ ಆ ವಾಕ್ಯ ಅಷ್ಟು ಸಲೀಸಾಗಿ ಹೋಯಿತಲ್ಲ, ಅದು ನೋವಾಯಿತು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಲ್ಲೊಂದು ಅನುಮಾನವಿತ್ತು. ಅದರ ಪಕ್ಷವಾಕ್ಯ ನನ್ನ ಅಮ್ಮ. ಅದರ ಸಾಧ್ಯವಾಕ್ಯ ನಾನು ಹದಿನಾರರ ವಯಸ್ಸಿನಲ್ಲಿ ಬರೆದುಕೊಂಡ ವಾಕ್ಯ.

ಈಗ ಆ ವಾಕ್ಯಕ್ಕೆ ಬರೋಣ. ಪಶ್ಚಿಮದ ತರ್ಕಶಾಸ್ತ್ರ ಲಕ್ಷಣಕ್ಕೆ ಉದಾಹರಣೆಯಾಗಿ ಮನುಷ್ಯನನ್ನು ಹಿಡಿದುಕೊಂಡರೆ ನಮ್ಮ ನ್ಯಾಯಶಾಸ್ತ್ರ ಹಸುವನ್ನು ಹಿಡಿದುಕೊಂಡಿತು. ಅನ್ನಂಭಟ್ಟನ ತರ್ಕಸಂಗ್ರಹವನ್ನೂ ಅದಕ್ಕೆ ಅವನೇ ಬರೆದ ದೀಪಿಕೆಯನ್ನೂ ಓದಿದವರಿಗೆಲ್ಲ ಆ ಹಸು ಪರಿಚಿತ. ಹಸು ಎಂದರೆ ಕಪಿಲ ಬಣ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಒಂದು ಹಸುವೂ ಸಿಗುವುದಿಲ್ಲ, ಅದು ಅಸಂಭವ. ಮೂರೂ ದೋಷ ದಾಟಿ ನಿಲ್ಲುವುದು ಗಂಗೆದೊಗಲು, ಕೊರಳ ಕೆಳಗೆ ಜೋಲುವ ಆ ಚರ್ಮ. ಎಷ್ಟು ವಿನಯದ ಲಕ್ಷಣ ನೋಡಿ. ಗಂಗೆದೊಗಲು ಹಸುವಿನ ಹಿರಿಮೆ ಎಂದು ಯಾರೂ ಹೇಳಲಿಲ್ಲ, ಗಂಗೆದೊಗಲಿಲ್ಲದವು ಹಸುವಿಗಿಂತ ಕೀಳು ಎಂದೂ ಹೇಳಲಿಲ್ಲ. ಗುರುತಿಸುವುದಕ್ಕೆ ಬೇಕಾದಷ್ಟು ಹೇಳಿ ಸುಮ್ಮನಾದರು.

ಹಸುವಿಗೆ ಹಚ್ಚಿದ ಆ ಒರೆಗಲ್ಲನ್ನು ಮನುಷ್ಯನ ಲಕ್ಷಣಕ್ಕೂ ಹಚ್ಚಿ. ವಿವೇಕ ಎಂದರೆ ವಿಚಾರ ಮಾಡಿ ತೀರ್ಮಾನಕ್ಕೆ ಬರುವ ಶಕ್ತಿ ಎಂದಾದರೆ ಹೊಸತಾಗಿ ಹುಟ್ಟಿದ ಮಗು ಹೊರಗುಳಿಯಿತು. ನನ್ನ ಅಮ್ಮ ಹೊರಗುಳಿದಳು. ಇದು ಅವ್ಯಾಪ್ತಿ. ದೆಕಾರ್ತ 1637ರಲ್ಲಿ ವಿಧಾನದ ಕುರಿತು ಬರೆದ ಪುಸ್ತಕದ ಐದನೆಯ ಭಾಗದಲ್ಲಿ ಪ್ರಾಣಿಗಳನ್ನೂ ಯಂತ್ರಗಳನ್ನೂ ಮನುಷ್ಯರಿಂದ ಬೇರೆ ಮಾಡಲು ಎರಡು ಪರೀಕ್ಷೆ ಕೊಟ್ಟ. ಎದುರಿನವರ ಮಾತಿಗೆ ತಕ್ಕಂತೆ ಪದ ಜೋಡಿಸಿ ಉತ್ತರಿಸುವುದು ಒಂದು, ಯಾವ ಸಂದರ್ಭ ಬಂದರೂ ಅರಿತು ನಡೆಯುವುದು ಇನ್ನೊಂದು. ಎಂಥ ಮಂದಬುದ್ಧಿಯವನಾದರೂ, ಬುದ್ಧಿ ಕೆಟ್ಟವನಾದರೂ ಕೆಲವು ಪದ ಜೋಡಿಸಿ ತನ್ನ ಮನಸ್ಸು ತಿಳಿಸಬಲ್ಲ, ಪ್ರಾಣಿ ಮಾತ್ರ ತಿಳಿಸಲಾರದು ಎಂಬುದು ಅವನ ನಂಬಿಕೆ. ಮಾತು ನಿಂತ ಮೇಲಿನ ಅಮ್ಮನ ಒಂದು ದಿನವನ್ನು ಅವನು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ಹುಟ್ಟಿದ ಮೊದಲ ಕ್ಷಣದಲ್ಲಿ ಮಡಕೆಗೆ ಯಾವ ಗುಣವೂ ಇರುವುದಿಲ್ಲ, ಹಾಗಾದರೆ ಗುಣವುಳ್ಳದ್ದು ದ್ರವ್ಯ ಎಂಬ ಲಕ್ಷಣ ಅಲ್ಲಿ ಬಿದ್ದುಹೋಯಿತಲ್ಲ ಎಂಬ ಪ್ರಶ್ನೆ ನೈಯಾಯಿಕರಿಗೂ ಬಂದಿತ್ತು. ಅವರು ಲಕ್ಷಣವನ್ನು ತಿದ್ದಿದರು: ಈ ಕ್ಷಣದಲ್ಲಿ ಗುಣ ಇರಲೇಬೇಕೆಂದಿಲ್ಲ, ಗುಣ ಇರುವ ವಸ್ತುಗಳಲ್ಲಿರುವ ಜಾತಿ ಇದ್ದರೆ ಸಾಕು. ಅದೇ ಬಗೆಯಲ್ಲಿ ನೀವು ಹೇಳಬಹುದು, ಅಮ್ಮನಲ್ಲಿ ವಿವೇಕ ಆರಿದ್ದರೂ ವಿವೇಕವುಳ್ಳವರ ಜಾತಿ ಅವಳಲ್ಲಿದೆ, ಆದ್ದರಿಂದ ಅವಳು ಒಳಗೇ ಇದ್ದಾಳೆ. ಮಗನಾಗಿ ಈ ಪರಿಹಾರ ನನಗೆ ಬೇಕು. ನಿಮ್ಮ ವಿದ್ಯಾರ್ಥಿಯಾಗಿ ಒಂದು ಮಾತು ಕೇಳದಿರಲಾರೆ: ಹಾಗಾದರೆ ಅವಳನ್ನು ಕಾಯುತ್ತಿರುವುದು ವಿವೇಕವೋ, ಜಾತಿಯೋ? ಜಾತಿಯೇ ಸಾಕು ಎಂದಾದರೆ ಕರಿಹಲಗೆಯ ಮೇಲಿನ ‘ವಿವೇಕವುಳ್ಳ’ ಎಂಬ ವಿಶೇಷಣ ಯಾವ ಕೆಲಸವನ್ನೂ ಮಾಡುತ್ತಿಲ್ಲ. ನಾವು ನಮ್ಮವರನ್ನು ನಮ್ಮವರೆಂದು ಹಿಡಿದುಕೊಂಡಿದ್ದೇವೆ, ಆಮೇಲೆ ಅದಕ್ಕೊಂದು ಗೌರವದ ಕಾರಣ ಬರೆದುಕೊಂಡಿದ್ದೇವೆ.

ನಮ್ಮವರು ಎಂಬ ಗೆರೆಯನ್ನು ಈ ನೆಲದಲ್ಲಿ ಹೇಗೆಲ್ಲ ಎಳೆದಿದ್ದೇವೆ ಎಂಬುದನ್ನೂ ಇಲ್ಲಿ ನೆನೆಯಲೇಬೇಕು. ಜಾತಿ ಎಂಬ ಪದಕ್ಕೆ ತರ್ಕದ ತರಗತಿಯಲ್ಲಿ ಒಂದು ಅರ್ಥ, ತರಗತಿಯ ಹೊರಗೆ ಇನ್ನೊಂದು. ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದರು. ಆ ಕೆರೆಯಲ್ಲಿ ದನಕರುಗಳು ನೀರು ಕುಡಿಯಬಹುದಿತ್ತು, ಅಸ್ಪೃಶ್ಯರೆಂದು ಹೊರಗಿಟ್ಟವರು ಕುಡಿಯುವಂತಿರಲಿಲ್ಲ. ವಿವೇಕವೇ ಗೆರೆಯಾಗಿದ್ದರೆ ಅಂಬೇಡ್ಕರರಂಥವರು ಆ ದಡದಲ್ಲಿ ತಡೆಸಿಕೊಂಡು ನಿಲ್ಲುವುದು ಹೇಗೆ ಸಾಧ್ಯವಿತ್ತು? ದನಗಳ ಮೇಲಿನ ಪ್ರೀತಿಯಿಂದ ಅವುಗಳಿಗೆ ನೀರು ಬಿಟ್ಟದ್ದೂ ಅಲ್ಲ. ಮನುಷ್ಯರು ಬೇರೆ, ಪ್ರಾಣಿಗಳು ಬೇರೆ ಎಂದು ಶಾಸ್ತ್ರ ಹೇಳುತ್ತಿದ್ದ ಊರಿನಲ್ಲೇ ಆ ಗೆರೆ ಬೇಕೆಂದಲ್ಲಿ ಅಳಿಸಿ, ಬೇಕೆಂದಲ್ಲಿ ಮತ್ತೆ ಎಳೆಯುವಂಥದ್ದಾಗಿತ್ತು. ಆದ್ದರಿಂದಲೇ ಈ ಲಕ್ಷಣವನ್ನು ನಿರುಪದ್ರವಿ ಉದಾಹರಣೆಯೆಂದು ಮಕ್ಕಳಿಗೆ ಕೊಡಬಾರದು ಎನ್ನುತ್ತೇನೆ.

ಅತಿವ್ಯಾಪ್ತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಈಗ ಎಲ್ಲರೂ ಕೇಳಿರುವ ಕಥೆ. ಉಪಕರಣ ಮಾಡಬಲ್ಲವನು ಮನುಷ್ಯ ಎಂಬ ಲಕ್ಷಣ ಬಹಳ ಕಾಲ ಚಲಾವಣೆಯಲ್ಲಿತ್ತು. 1960ರಲ್ಲಿ ಇಂದಿನ ತಾಂಜಾನಿಯಾದ ಗೊಂಬೆಯಲ್ಲಿ ಜೇನ್ ಗುಡಾಲ್, ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಅದಕ್ಕೆ ಹತ್ತಿಕೊಂಡ ಗೆದ್ದಲನ್ನು ತಿನ್ನುವುದನ್ನು ನೋಡಿದರು. ಎಲೆ ಸವರಿ ಕಡ್ಡಿಯನ್ನು ಸಿದ್ಧಮಾಡಿಕೊಳ್ಳುವುದನ್ನೂ ನೋಡಿದರು. ಆಗ ಅವರ ಮಾರ್ಗದರ್ಶಿ ಲೂಯಿ ಲೀಕಿ ಕೊಟ್ಟ ಪ್ರತಿಕ್ರಿಯೆ ತರ್ಕದ ತರಗತಿಗೆಂದೇ ಹೇಳಿದಂತಿದೆ: ಒಂದೋ ಉಪಕರಣದ ಲಕ್ಷಣ ಬದಲಾಗಬೇಕು, ಇಲ್ಲವೇ ಮನುಷ್ಯನ ಲಕ್ಷಣ ಬದಲಾಗಬೇಕು, ಎರಡೂ ಬೇಡವೆಂದರೆ ಚಿಂಪಾಂಜಿಯನ್ನು ಮನುಷ್ಯರೊಳಗೆ ಸೇರಿಸಿಕೊಳ್ಳಬೇಕು ಎಂಬುದು ಅದರ ಸಾರ. 2002ರಲ್ಲಿ ಆಕ್ಸ್‌ಫರ್ಡ್‌ನ ಪ್ರಯೋಗಶಾಲೆಯಲ್ಲಿ ಬೆಟ್ಟಿ ಎಂಬ ನ್ಯೂ ಕ್ಯಾಲಿಡೋನಿಯಾದ ಕಾಗೆ ನೆಟ್ಟಗಿದ್ದ ತಂತಿಯನ್ನು ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಕೊಳವೆಯೊಳಗಿನ ಆಹಾರ ಎತ್ತಿತು.

ಬರ್ಲಿನ್ನಿನ ಹಾನ್ಸ್ ಎಂಬ ಕುದುರೆಯ ಪಾಠ ಮಾತ್ರ ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತದೆ ಎಂದು ಅದು ಪ್ರಸಿದ್ಧವಾಗಿತ್ತು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಪರೀಕ್ಷಿಸಿ ತೋರಿಸಿದಂತೆ ಕುದುರೆಗೆ ಲೆಕ್ಕ ಬರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ ತಮಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ಬಡಿಯುವುದನ್ನು ನಿಲ್ಲಿಸುತ್ತಿತ್ತು. ಪ್ರಾಣಿಗಳ ಬಗ್ಗೆ ಆಸೆಪಟ್ಟು ತೀರ್ಮಾನಕ್ಕೆ ಬರಬಾರದು ಎಂಬ ಎಚ್ಚರಿಕೆಯಾಗಿ ಇದನ್ನು ಹೇಳುತ್ತಾರೆ. ಆ ಎಚ್ಚರಿಕೆ ನನಗೂ ಬೇಕು. ಆದರೆ ಇನ್ನೊಂದು ಕಡೆಯಿಂದಲೂ ನೋಡಿ: ಸುತ್ತ ನೆರೆದ ಪಂಡಿತರಾರೂ ಒಬ್ಬರ ಮುಖದಲ್ಲಿ ಒಬ್ಬರು ಕಾಣದ್ದನ್ನು ಆ ಕುದುರೆ ಕಂಡಿತು. ಅವರು ಅದರಲ್ಲಿ ತಮ್ಮ ವಿವೇಕವನ್ನು ಹುಡುಕುತ್ತಿದ್ದರು. ಅಲ್ಲಿದ್ದದ್ದು ಬೇರೆಯೇ ಒಂದು ಅರಿವು, ಅದಕ್ಕೆ ಯಾರ ಬಳಿಯೂ ಪ್ರಶ್ನೆಯಿರಲಿಲ್ಲ.

ನಿಮ್ಮ ಪಠ್ಯದಲ್ಲಿ ಅರಿಸ್ಟಾಟಲ್ ಇರುತ್ತಾನೆ, ಇರಲಿ. ಅವನ ಪಕ್ಕದಲ್ಲಿ ಶಂಕರರ ಒಂದು ಪುಟ ಇಟ್ಟು ಓದಿಸಿ ಎಂದು ಬೇಡಿಕೊಳ್ಳುತ್ತೇನೆ. ಬ್ರಹ್ಮಸೂತ್ರ ಭಾಷ್ಯದ ಮೊದಲಲ್ಲೇ, ಅಧ್ಯಾಸ ಭಾಷ್ಯದಲ್ಲಿ, ಅವರು ಒಂದು ಪಶುವನ್ನು ತಂದು ನಿಲ್ಲಿಸುತ್ತಾರೆ. ಕೋಲೆತ್ತಿಕೊಂಡು ಬರುವವನನ್ನು ಕಂಡರೆ ಇವನು ನನ್ನನ್ನು ಹೊಡೆಯುತ್ತಾನೆ ಎಂದು ಅದು ಓಡುತ್ತದೆ, ಕೈತುಂಬ ಹಸಿರು ಹುಲ್ಲು ಹಿಡಿದವನನ್ನು ಕಂಡರೆ ಹತ್ತಿರ ಬರುತ್ತದೆ. ಮನುಷ್ಯರೂ, ಓದಿ ತಿಳಿದವರೂ ಕೂಡ, ಕತ್ತಿ ಹಿಡಿದು ಅಬ್ಬರಿಸುವ ಬಲಶಾಲಿಯಿಂದ ಹಿಂದೆ ಸರಿಯುತ್ತಾರೆ, ಸೌಮ್ಯರ ಕಡೆಗೆ ಹೋಗುತ್ತಾರೆ. ಪ್ರಮಾಣ ಪ್ರಮೇಯಗಳ ಲೋಕವ್ಯವಹಾರದಲ್ಲಿ ನಮಗೂ ಪಶುಗಳಿಗೂ ಭೇದವಿಲ್ಲ ಎನ್ನುತ್ತಾರೆ ಶಂಕರರು. ಹೀಗೆ ಹೇಳಿದವರೇ ತೈತ್ತಿರೀಯ ಭಾಷ್ಯದಲ್ಲಿ, ಕರ್ಮಕ್ಕೂ ಜ್ಞಾನಕ್ಕೂ ಅಧಿಕಾರವಿರುವುದರಿಂದ ಮನುಷ್ಯ ಪ್ರಧಾನ ಎಂದೂ ಹೇಳುತ್ತಾರೆ. ಎರಡೂ ಮಾತನ್ನು ಒಂದೇ ತಲೆಯಲ್ಲಿ ಹಿಡಿದುಕೊಳ್ಳುವುದು ಅವರಿಗೆ ಕಷ್ಟವಾಗಲಿಲ್ಲ. ನಾವು ಮಾತ್ರ ಎರಡನೆಯದನ್ನು ಇಟ್ಟುಕೊಂಡು ಮೊದಲನೆಯದನ್ನು ಮರೆತೆವು. ಊಟ, ನಿದ್ದೆ, ಭಯ, ಮೈಥುನ ಎಲ್ಲರಿಗೂ ಸಮಾನ, ಧರ್ಮವೊಂದೇ ಮನುಷ್ಯನಿಗೆ ಹೆಚ್ಚಿನದು ಎಂಬ ಹಿತೋಪದೇಶದ ಶ್ಲೋಕವನ್ನೂ ಹೀಗೇ ಅರ್ಧ ಓದುತ್ತೇವೆ. ಧರ್ಮವಿಲ್ಲದವರು ಪಶುಗಳಿಗೆ ಸಮಾನರು ಎಂದು ಅದು ಮುಂದುವರಿಯುತ್ತದೆ. ಧರ್ಮವಿಲ್ಲದ ಮನುಷ್ಯರೂ ಇದ್ದಾರೆ ಎಂದು ತಾನೇ ಒಪ್ಪಿಕೊಳ್ಳುವ ವಾಕ್ಯ ಲಕ್ಷಣವಾಗಲಾರದು, ಅದು ಮನುಷ್ಯನಿಗೆ ಹಾಕಿದ ಛೀಮಾರಿ.

ಕನ್ನಡದಲ್ಲೇ ಬೇಕೆಂದರೆ ಜನ್ನನ ಯಶೋಧರ ಚರಿತೆ ಇದೆ. ಹೊಯ್ಸಳರ ಕಾಲದ ಕಾವ್ಯ. ಯಶೋಧರ ಕೊಂದದ್ದು ಜೀವವಿರುವ ಕೋಳಿಯನ್ನಲ್ಲ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಬಲಿಕೊಟ್ಟ ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ತಾಯಿಯೂ ಮಗನೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟುತ್ತಾರೆ, ಮೊದಲ ಸಲ ಅವನು ನವಿಲಾಗಿ, ಅವಳು ನಾಯಿಯಾಗಿ. ಪುನರ್ಜನ್ಮ ನಂಬದವರಿಗೂ ಅಲ್ಲೊಂದು ತಾತ್ವಿಕ ಪ್ರಯೋಗ ಕಾಣಬೇಕು. ನೋವಿನ ಈ ಕಡೆ ಇದ್ದವರನ್ನು ಆ ಕಡೆಗೆ ಕಳಿಸಿ, ಈಗ ಹೇಳು ಎಂದು ಕೇಳುವ ಪ್ರಯೋಗ ಅದು. ಜೈನರು ಜೀವಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಏಣಿಯಂತೆ ಜೋಡಿಸಿದರು, ಹುಳುವಿಗಿಂತ ಇರುವೆಗೆ ಒಂದು ಹೆಚ್ಚು, ಇರುವೆಗಿಂತ ದುಂಬಿಗೆ ಒಂದು ಹೆಚ್ಚು, ದುಂಬಿಗಿಂತ ಮನುಷ್ಯನಿಗೆ ಒಂದು ಹೆಚ್ಚು. ಮೋಕ್ಷ ಮನುಷ್ಯ ಜನ್ಮದಿಂದ ಮಾತ್ರ ಎಂದರು. ಆದರೆ ಮೇಲಿನ ಮೆಟ್ಟಿಲಲ್ಲಿರುವುದು ಕೆಳಗಿನ ಮೆಟ್ಟಿಲನ್ನು ತುಳಿಯಲು ಪರವಾನಗಿ ಎಂದು ಅವರು ಹೇಳಲಿಲ್ಲ, ಏಕೇಂದ್ರಿಯ ಜೀವಿಯ ವಿಷಯದಲ್ಲೂ ಎಚ್ಚರವಿರಲಿ ಎಂದರು. ಭೇದ ಬೇರೆ, ಅಧಿಕಾರ ಬೇರೆ.

ಭೇದವೇ ಇಲ್ಲ ಎನ್ನುವವನು ನಾನಲ್ಲ. ಕೆಂಪಿ ಈ ಪತ್ರ ಬರೆಯಲಾರಳು. ಸತ್ತು ಸಾವಿರ ವರ್ಷವಾದವರ ಜೊತೆ ಪುಸ್ತಕದ ಮೂಲಕ ವಾದ ಮಾಡುವ ಇನ್ನೊಂದು ಜೀವಿಯನ್ನು ನಾನು ಕಂಡಿಲ್ಲ. 1871ರಲ್ಲಿ ಡಾರ್ವಿನ್ ಮನುಷ್ಯನ ಹುಟ್ಟಿನ ಬಗ್ಗೆ ಬರೆದಾಗ ಮನಸ್ಸಿನ ವಿಷಯದಲ್ಲಿ ನಮಗೂ ಮೇಲು ಪ್ರಾಣಿಗಳಿಗೂ ಇರುವ ಅಂತರ ಬಹು ದೊಡ್ಡದು ಎಂದು ಒಪ್ಪಿಕೊಂಡೇ, ಅದು ಪ್ರಮಾಣದ ಅಂತರ, ಬಗೆಯ ಅಂತರವಲ್ಲ ಎಂದ. ಅದು ಸರಿಯೋ ತಪ್ಪೋ ಎಂದು ನಿಮ್ಮ ಮಕ್ಕಳು ವಾದಿಸಲಿ. ಉತ್ತರ ಏನೇ ಬರಲಿ, ‘ಗೊತ್ತಾಗಲ್ಲ’ ಎಂಬುದರಿಂದ ‘ಬಿಡಿ’ ಎಂಬುದು ಹುಟ್ಟುವುದಿಲ್ಲ ಎಂದು ತೋರಿಸಿಕೊಡುವುದು ನಿಮ್ಮ ಶಾಸ್ತ್ರದ ಕೆಲಸ, ಬೇರೆ ಯಾರೂ ಅದನ್ನು ನಿಮ್ಮಷ್ಟು ಚೆನ್ನಾಗಿ ಮಾಡಲಾರರು.

ಮುಂದಿನ ಜೂನ್‌ನಲ್ಲಿ ಲಕ್ಷಣದ ಪಾಠ ಬಂದಾಗ ಆ ವಾಕ್ಯವನ್ನು ಬರೆಯಿರಿ, ಪಕ್ಕದಲ್ಲಿ ಗಂಗೆದೊಗಲಿನ ಹಸುವನ್ನೂ ಬರೆಯಿರಿ. ಮೂರು ದೋಷಗಳನ್ನು ಹೇಳಿಕೊಟ್ಟು ಸೀಮೆಸುಣ್ಣವನ್ನು ಮಕ್ಕಳ ಕೈಗೆ ಕೊಡಿ. ಅವರ ಮನೆಯಲ್ಲೂ ಮಾತು ಬಿಟ್ಟ ಅಜ್ಜ ಇರಬಹುದು, ಮಾತು ಬಾರದ ತಂಗಿ ಇರಬಹುದು, ಹೆಸರು ಹಿಡಿದು ಕರೆದರೆ ತಿರುಗುವ ಎಮ್ಮೆ ಇರಬಹುದು. ಅವರನ್ನೆಲ್ಲ ತರಗತಿಗೆ ಕರೆತರಲಿ. ಪರೀಕ್ಷೆಯಲ್ಲಿ ಆ ಲಕ್ಷಣವನ್ನು ತಪ್ಪಿಲ್ಲದೆ ಬರೆದವರಿಗೆ ಕೊಡುವಷ್ಟೇ ಅಂಕವನ್ನು ಅದು ಎಲ್ಲಿ ಮುರಿಯಿತು ಎಂದು ತೋರಿಸಿದವರಿಗೂ ಕೊಡಿ.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಹನ್ನೊಂದು ದಿನ ಇದ್ದಳು. ಅವಳು ಹೋದ ಮರುದಿನದಿಂದ ಕೆಂಪಿ ಹುಲ್ಲು ಮುಟ್ಟಲಿಲ್ಲ. ಅದು ದುಃಖವೆಂದು ನಾನು ಹೇಳುವುದಿಲ್ಲ. ಮನೆ ತುಂಬ ಹೊಸಬರಿದ್ದರು, ಹಾಲು ಕರೆಯುವ ಹೊತ್ತು ತಪ್ಪಿತ್ತು, ಕೊಟ್ಟಿಗೆಯ ಪಕ್ಕದಲ್ಲೇ ದೊಡ್ಡ ಒಲೆ ಹೂಡಿ ಹೊಗೆಯಾಗಿತ್ತು. ಕಾರಣ ಇಂಥದ್ದೇ ಎನ್ನಲು ನನ್ನ ಬಳಿ ಆಧಾರವಿಲ್ಲ. ಮೂರನೆಯ ದಿನ ಬೆಳಿಗ್ಗೆ ದನದ ಡಾಕ್ಟರಿಗೆ ಫೋನ್ ಮಾಡಿ, ‘ಅವಳು ಎರಡು ದಿನದಿಂದ ಏನೂ ತಿಂದಿಲ್ಲ’ ಎಂದೆ.

‘ಯಾರು?’ ಎಂದು ಕೇಳಿದರು ಆ ಕಡೆಯಿಂದ.

ಇತಿ,
ನಿಮ್ಮ ಹಳೆಯ ವಿದ್ಯಾರ್ಥಿ